ಚಿಕಿತ್ಸೆ ಪುಕ್ಕಟೆ ಸಿಕ್ಕರೂ ಕೆಳಗಿನವರಿಗೇ ಯಾಕೆ ಜಾಸ್ತಿ ಕಾಯಿಲೆ?

ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಮ್ಮನಿಗೆ ಈಗ 38. ಗೋದಾಮಿನಲ್ಲಿ ಪಾಳಿ ಕೆಲಸ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಬಿಪಿ ಇದೆ ಅಂತ ಹೋದ ವರ್ಷ ಗೊತ್ತಾಯಿತು. ಈಗ ಶುಗರ್ ಕೂಡ ಗಡಿ ದಾಟಿದೆ. ಡಾಕ್ಟರು ನಾಲ್ಕು ಮಾತು ಹೇಳಿ ಕಳಿಸಿದರು: ಹೊತ್ತಿಗೆ ಸರಿಯಾಗಿ ಊಟ ಮಾಡಿ, ಏಳೆಂಟು ಗಂಟೆ ನಿದ್ದೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ, ಟೆನ್ಷನ್ ಮಾಡ್ಕೋಬೇಡಿ. ಹೊರಗೆ ಬಂದ ಮೇಲೆ ಅವನು ನಕ್ಕುಬಿಟ್ಟ. "ಅಕ್ಕಾ, ಈ ನಾಲ್ಕರಲ್ಲಿ ಒಂದಾದರೂ ನನ್ನ ಕೈಲಿದೆಯಾ?" ಅಂದ. ನಾನು ಬೈದೆ. ಮನಸ್ಸು ಮಾಡಿದರೆ ಆಗುತ್ತೆ, ನಾನು ಮಾಡ್ತಿಲ್ವಾ ಅಂದೆ.

ಆಮೇಲೆ ರಾತ್ರಿ ಯೋಚನೆ ಬಂತು. ನನ್ನದು ಕುರ್ಚಿ ಕೆಲಸ. ಬೇಕು ಅನಿಸಿದಾಗ ಎದ್ದು ಓಡಾಡಬಹುದು, ಒಂದು ಗಂಟೆ ತಡವಾಗಿ ಹೋದರೆ ಯಾರೂ ಕೇಳುವುದಿಲ್ಲ, ಡಾಕ್ಟರ ಹತ್ತಿರ ಹೋಗಲು ರಜೆ ಹಾಕಿದರೆ ಸಂಬಳ ಕಟ್ ಆಗುವುದಿಲ್ಲ. ಒಂದೇ ತಾಯಿಯ ಮಕ್ಕಳು ನಾವು. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ನನ್ನ ಬಿಪಿ ಸರಿಯಾಗೇ ಇದೆ.

ಈಗ ಪ್ರಶ್ನೆ. ಅಸಮಾನತೆಯಿಂದ ಕಾಯಿಲೆ ಬರುತ್ತೆ ಅಂತ ಅಲ್ಲಿ ಇಲ್ಲಿ ಓದಿದ್ದೇನೆ. ಕೈಯಲ್ಲಿ ದುಡ್ಡಿಲ್ಲ, ಆಸ್ಪತ್ರೆಗೆ ಹೋಗಲ್ಲ, ಅದಕ್ಕೆ ಬೇಗ ಸಾಯುತ್ತಾರೆ ಅಂದರೆ ನನಗೆ ಅರ್ಥ ಆಗುತ್ತೆ. ವಿಷಯ ಅಷ್ಟೇನಾ? ಚಿಕಿತ್ಸೆಯನ್ನು ಪೂರ್ತಿ ಪುಕ್ಕಟೆ ಮಾಡಿಬಿಟ್ಟರೆ ವ್ಯತ್ಯಾಸ ಹೋಗುತ್ತಾ? ಇಲ್ಲಾ ಕೊನೆಗೆ ಎಲ್ಲಾ ಅವರವರ ಅಭ್ಯಾಸಕ್ಕೇ ಬಂದು ನಿಲ್ಲುತ್ತಾ?

ಸಾಂಕ್ರಾಮಿಕ ನಗು:

ಪುಕ್ಕಟೆ ಮಾಡಿದರೆ ವ್ಯತ್ಯಾಸ ಹೋಗುತ್ತಾ ಅನ್ನುವುದನ್ನು ಒಂದು ದೇಶ ಮಾಡಿಯೇ ನೋಡಿದೆ. ಹಾಗಾಗಿ ಊಹೆ ಮಾಡುವ ಅಗತ್ಯ ಇಲ್ಲ.

ಬ್ರಿಟನ್‌ನಲ್ಲಿ 1948ರಿಂದ ಎಲ್ಲರಿಗೂ ಸರ್ಕಾರಿ ಚಿಕಿತ್ಸೆ ಇದೆ. ಡಾಕ್ಟರನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ. ಮೂವತ್ತು ವರ್ಷ ಆದ ಮೇಲೆ ಅಲ್ಲಿನ ಸರ್ಕಾರವೇ ಒಂದು ಸಮಿತಿ ಮಾಡಿತು, ಡಗ್ಲಸ್ ಬ್ಲ್ಯಾಕ್ ಅನ್ನುವ ವೈದ್ಯರು ಅದರ ಮುಖ್ಯಸ್ಥರು. 1980ರಲ್ಲಿ ವರದಿ ಬಂತು. ಎಲ್ಲರ ಆಯಸ್ಸೂ ಏರಿತ್ತು ನಿಜ. ಆದರೆ ಮೇಲಿನ ವರ್ಗಕ್ಕೂ ಕೆಳಗಿನ ವರ್ಗಕ್ಕೂ ಇದ್ದ ಅಂತರ ಕರಗಿರಲಿಲ್ಲ, ಕೆಲವು ಕಡೆ ಇನ್ನೂ ಜಾಸ್ತಿಯಾಗಿತ್ತು. ಸಮಿತಿ ನೇಮಿಸಿದ ಸರ್ಕಾರ ಅಷ್ಟರಲ್ಲಿ ಬದಲಾಗಿತ್ತು. ಹೊಸ ಸರ್ಕಾರ ರಜೆಯ ಹೊತ್ತು ಆರಿಸಿಕೊಂಡು, ಈ ವರದಿಯ ಬರೀ 260 ಪ್ರತಿ ತೆಗೆದು ಹೊರಗೆ ಬಿಟ್ಟಿತು. ಯಾರ ಕಣ್ಣಿಗೂ ಬೀಳದಿರಲಿ ಅಂತ. ಅದರಿಂದಲೇ ಅದು ಇನ್ನಷ್ಟು ಪ್ರಸಿದ್ಧಿಯಾಯಿತು, ಅದು ಬೇರೆ ಕತೆ.

ಚಿಕಿತ್ಸೆ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬಿದ್ದವರನ್ನು ಎತ್ತುವುದು ಆಸ್ಪತ್ರೆ. ಯಾರು ಜಾಸ್ತಿ ಬೀಳುತ್ತಾರೆ ಅನ್ನುವುದು ಅದರ ಬಾಗಿಲಿಗೆ ಬರುವ ಮುಂಚೆಯೇ ನಿರ್ಧಾರ ಆಗಿರುತ್ತೆ.

ಇನ್ನೊಂದು ಅಧ್ಯಯನ ನಿಮ್ಮ ಮನೆಯ ಕತೆಗೆ ತುಂಬಾ ಹತ್ತಿರ. ಲಂಡನ್ನಿನ ವೈಟ್‌ಹಾಲ್ ಅಂದರೆ ಸರ್ಕಾರಿ ಕಚೇರಿಗಳ ಬೀದಿ. ಅಲ್ಲಿನ ಸುಮಾರು 18,000 ಗಂಡಸು ನೌಕರರನ್ನು 1967ರಿಂದ ವರ್ಷಗಟ್ಟಲೆ ಹಿಂಬಾಲಿಸಿದರು. ಇವರಲ್ಲಿ ಯಾರೂ ಬೀದಿಗೆ ಬಿದ್ದವರಲ್ಲ. ಎಲ್ಲರಿಗೂ ಕಾಯಂ ನೌಕರಿ, ಎಲ್ಲರಿಗೂ ಅದೇ ಪುಕ್ಕಟೆ ಚಿಕಿತ್ಸೆ. ಆದರೂ ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ತೀರಾ ಕೆಳಗಿನ ದರ್ಜೆಯವರಲ್ಲಿ, ಅಂದರೆ ಕಡತ ಹೊತ್ತು ಓಡಾಡುವವರು, ಬಾಗಿಲು ಕಾಯುವವರು, ಅಂಥವರಲ್ಲಿ ತೀರಾ ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಜಾಸ್ತಿ ಇತ್ತು.

ನನ್ನನ್ನು ಬೆಚ್ಚಿಬೀಳಿಸಿದ್ದು ಈ ಮೂರು ಪಟ್ಟು ಅಲ್ಲ. ಮಧ್ಯದಲ್ಲಿ ಇರುವವರ ಲೆಕ್ಕ. ಮೇಲಿನಿಂದ ಎರಡನೇ ಮೆಟ್ಟಿಲಲ್ಲಿ ಇದ್ದವರು, ಒಳ್ಳೇ ಸಂಬಳದವರು, ಅವರಿಗೂ ಮೊದಲನೇ ಮೆಟ್ಟಿಲಿನವರಿಗಿಂತ ಕೆಟ್ಟದಾಗಿತ್ತು. ಅವರಿಗಿಂತ ಮೂರನೆಯವರಿಗೆ ಕೆಟ್ಟದಾಗಿತ್ತು. ಅಂದರೆ ಈ ಕಡೆ ಬಡವರು, ಆ ಕಡೆ ಉಳಿದವರು ಅಂತ ಒಂದು ಗೆರೆ ಎಳೆಯುವ ಹಾಗಿಲ್ಲ. ಮೇಲಿನಿಂದ ಕೆಳಗಿನವರೆಗೂ ಇಳಿಜಾರು, ನೀವೂ ನಾನೂ ಅದರಲ್ಲೇ ಎಲ್ಲೋ ನಿಂತಿದ್ದೇವೆ. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲಾ ಲೆಕ್ಕಕ್ಕೆ ಹಿಡಿದು ನೋಡಿದರೂ ಅಂತರದ ಅರ್ಧ ಪಾಲು ಕೂಡ ವಿವರಿಸಲು ಆಗಲಿಲ್ಲ.

ಉಳಿದದ್ದು ಏನು ಅಂತ ಹುಡುಕಲು ಮೈಕಲ್ ಮಾರ್ಮಟ್ ಅನ್ನುವ ಸಂಶೋಧಕರ ತಂಡ 1985ರಲ್ಲಿ ಎರಡನೇ ಸುತ್ತು ಶುರುಮಾಡಿತು, ಈ ಸಲ ಹೆಂಗಸರನ್ನೂ ಸೇರಿಸಿ 10,308 ಜನ. ಅದರಲ್ಲಿ ಎದ್ದು ಕಂಡ ಒಂದು ಸಂಗತಿ: ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನುವುದು. ಯಾವಾಗ ಏಳಬೇಕು, ಯಾವ ಕೆಲಸ ಮೊದಲು ಮಾಡಬೇಕು, ಯಾವಾಗ ಐದು ನಿಮಿಷ ಕೂರಬೇಕು, ಇದನ್ನೆಲ್ಲಾ ಬೇರೆಯವರು ನಿರ್ಧಾರ ಮಾಡುವ ಕೆಲಸದಲ್ಲಿ ಇರುವವರಿಗೆ ಹೃದಯದ ತೊಂದರೆ ಜಾಸ್ತಿ ಬಂತು. ನಿಮ್ಮ ತಮ್ಮ ನಕ್ಕಿದ್ದು ಇದಕ್ಕೇ.

ಲೆಕ್ಕದ ಮೇಷ್ಟ್ರು:

ಸುಮ್ನೆ ತಲೆ ಆಡಿಸಲು ನನಗೆ ಆಗುವುದಿಲ್ಲ, ಕ್ಷಮಿಸಿ. ಎರಡು ಸಂಗತಿ ಜೊತೆಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತಲ್ಲ. ಕಾಯಿಲೆ ಬಿದ್ದವನು ಕೆಲಸ ಕಳೆದುಕೊಂಡು ಕೆಳಗೆ ಜಾರಬಹುದು. ಚಿಕ್ಕಂದಿನಿಂದ ಗಟ್ಟಿ ಮೈ ಇದ್ದವನು ಓದಿ ಮೇಲೆ ಹೋಗಿರಬಹುದು. ಬಾಣದ ಗುರುತು ಯಾವ ಕಡೆಗೆ ಅಂತ ಮೊದಲು ಹೇಳಿ.

ಇನ್ನೊಂದು. ಅಮೆರಿಕದಲ್ಲಿ 1999ರಿಂದ 2014ರವರೆಗಿನ ತೆರಿಗೆ ದಾಖಲೆ ಇಟ್ಟುಕೊಂಡು ಒಂದು ದೊಡ್ಡ ಲೆಕ್ಕ ಮಾಡಿದ್ದರು. 2016ರಲ್ಲಿ ಬಂತು. ಆದಾಯದಲ್ಲಿ ತೀರಾ ಮೇಲಿನ ಶೇಕಡಾ 1 ಗಂಡಸರು, ತೀರಾ ಕೆಳಗಿನ ಶೇಕಡಾ 1 ಗಂಡಸರಿಗಿಂತ 14.6 ವರ್ಷ ಜಾಸ್ತಿ ಬದುಕುತ್ತಾರೆ. ಹೆಂಗಸರಲ್ಲಿ 10.1 ವರ್ಷ. ಅಂತರ ಭಯಂಕರ, ಒಪ್ಪಿದೆ. ಆದರೆ ಅದೇ ಲೆಕ್ಕದಲ್ಲಿ ಕೆಳಗಿನವರ ಆಯಸ್ಸು ಊರಿಂದ ಊರಿಗೆ ಬೇರೆಯಾಗಿತ್ತು. ಆ ವ್ಯತ್ಯಾಸಕ್ಕೆ ಗಟ್ಟಿಯಾಗಿ ಹೊಂದಿದ್ದು ಸಿಗರೇಟಿನಂಥ ಅಭ್ಯಾಸಗಳು. ಆ ಊರಿನ ಅಸಮಾನತೆಗೆ ಅಷ್ಟು ಗಟ್ಟಿ ಸಂಬಂಧ ಸಿಗಲಿಲ್ಲ. ಹಾಗಿದ್ದ ಮೇಲೆ ಅಭ್ಯಾಸವನ್ನು ಇಷ್ಟು ಸಲೀಸಾಗಿ ಪಕ್ಕಕ್ಕೆ ತಳ್ಳಬಹುದಾ?

ಸಾಂಕ್ರಾಮಿಕ ನಗು:

ಮೇಷ್ಟ್ರೇ, ಒಳ್ಳೇ ಏಟು. ಅದೇ ಅಧ್ಯಯನದಲ್ಲಿ ಚಿಕಿತ್ಸೆ ಎಷ್ಟು ಸುಲಭವಾಗಿ ಸಿಗುತ್ತೆ ಅನ್ನುವುದಕ್ಕೂ ಗಟ್ಟಿ ಸಂಬಂಧ ಸಿಗಲಿಲ್ಲ, ಅದನ್ನೂ ಸೇರಿಸಿ ಹೇಳಿ. ಮತ್ತೆ ಒಂದು ಮಾತು ಯೋಚಿಸಿ. ಒಂದೇ ಆದಾಯದ ಜನ ಒಂದು ಊರಲ್ಲಿ ಕಡಿಮೆ ಸೇದುತ್ತಾರೆ, ಇನ್ನೊಂದು ಊರಲ್ಲಿ ಜಾಸ್ತಿ ಸೇದುತ್ತಾರೆ ಅಂದರೆ, ಒಂದು ಊರಿನವರಿಗೆಲ್ಲಾ ಮನೋಬಲ ಹುಟ್ಟಿನಿಂದ ಬಂದಿತ್ತಾ? ಆ ಊರಲ್ಲಿ ಏನೋ ಇದೆ. ತೆರಿಗೆ ಇರಬಹುದು, ನಿಷೇಧ ಇರಬಹುದು, ಸುತ್ತಲಿನ ಜನ ಇರಬಹುದು. ಅಭ್ಯಾಸ ಅನ್ನುವುದು ಗಾಳಿಯಲ್ಲಿ ತೇಲಿ ಬರುವುದಿಲ್ಲ. ಇನ್ನೂ ವಿಚಿತ್ರ ಗೊತ್ತಾ, ಸ್ಕಾಟ್ಲೆಂಡ್‌ನಲ್ಲಿ ನೋಡಿದಾಗ ಅಷ್ಟೇ ಪ್ರಮಾಣದ ಕುಡಿತಕ್ಕೆ ಉಳ್ಳವರಿಗಿಂತ ಇಲ್ಲದವರಿಗೆ ಜಾಸ್ತಿ ಹಾನಿ ಆಗಿತ್ತು. ಅದೇ ಬಾಟಲಿ, ಬೇರೆ ಪೆಟ್ಟು.

ಬಾಣದ ವಿಷಯ. ಕಾಯಿಲೆಯಿಂದ ಬಡತನ ಬರುವುದು ನೂರಕ್ಕೆ ನೂರು ನಿಜ, ಎರಡೂ ಕಡೆ ಬಾಣ ಇದೆ. ಆದರೆ ದುಡ್ಡು ಒಂದು ಕಡೆಯಿಂದ, ಕಾಯಿಲೆಗೂ ಯೋಗ್ಯತೆಗೂ ಸಂಬಂಧವೇ ಇಲ್ಲದೆ ಬಂದು ಬಿದ್ದರೆ ಏನಾಗುತ್ತೆ ಅಂತ ನೋಡಿದರೆ ಉತ್ತರ ಸಿಗುತ್ತೆ ಅಲ್ವಾ. ಅಂಥದ್ದು ಒಮ್ಮೆ ತಾನಾಗೇ ನಡೆದಿದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1993ರಿಂದ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ವರ್ಷ ವರ್ಷ ನೋಡುತ್ತಾ ಬಂದಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಚೆರೋಕಿ ಮೂಲನಿವಾಸಿಗಳು. ಅಧ್ಯಯನದ ನಡುವೆ ಆ ಸಮುದಾಯದ ಜಾಗದಲ್ಲಿ ಕ್ಯಾಸಿನೊ ಶುರುವಾಯಿತು. ಲಾಭದಲ್ಲಿ ಸಮುದಾಯದ ಪ್ರತಿಯೊಬ್ಬರಿಗೂ ಆರು ತಿಂಗಳಿಗೊಮ್ಮೆ ಪಾಲು, ಕೆಲಸ ಮಾಡಿದರೂ ಬಂತು, ಮಾಡದಿದ್ದರೂ ಬಂತು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಸಿಟ್ಟು, ಹಟ, ಜಗಳ, ಕಳ್ಳತನ ಇಂಥ ಲಕ್ಷಣಗಳು ಇಳಿದು ಯಾವತ್ತೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಬಂದವು. ಆತಂಕ, ಖಿನ್ನತೆ ಅಷ್ಟೇನೂ ಬದಲಾಗಲಿಲ್ಲ, ಅದನ್ನೂ ಹೇಳಬೇಕು. ಕಾರಣ ಹುಡುಕಿದಾಗ ಮುಖ್ಯವಾಗಿ ಸಿಕ್ಕಿದ್ದು ತುಂಬಾ ಸಾದಾ ಉತ್ತರ: ಅಪ್ಪ ಅಮ್ಮನಿಗೆ ಮಕ್ಕಳ ಕಡೆ ನೋಡಲು ಹೊತ್ತು ಸಿಕ್ಕಿತ್ತು.

ವಂಶದ ಮಾತು ಯಾರಾದರೂ ಎತ್ತುವ ಮುಂಚೆಯೇ ಹೇಳಿಬಿಡುತ್ತೇನೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕೊನೆಯಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲವು ತಿಂಗಳು ಘೋರ ಹಸಿವು ಬಿತ್ತು. ಆಗ ಹೊಟ್ಟೆಯಲ್ಲಿದ್ದ ಕೂಸುಗಳು ಐವತ್ತು ವರ್ಷ ಆದ ಮೇಲೆ, ಬೇರೆಯವರಿಗಿಂತ ಸಕ್ಕರೆಯನ್ನು ಸರಿಯಾಗಿ ನಿಭಾಯಿಸಲು ಆಗದೆ ಕಷ್ಟಪಟ್ಟರು. ಅದು ವಂಶದಿಂದ ಬಂದದ್ದಲ್ಲ, ತಾಯಿಯ ಹಸಿವಿನಿಂದ ಬಂದದ್ದು. ಅಭ್ಯಾಸ ಅನ್ನೋಣ ಅಂದರೆ, ಅವರು ಯಾವ ಅಭ್ಯಾಸ ಮಾಡಿಕೊಂಡಿದ್ದರು ಹೇಳಿ, ಇನ್ನೂ ಹುಟ್ಟೇ ಇರಲಿಲ್ಲ.

ಬೆಳಗ್ಗೆ ಐದಕ್ಕೆ:

ಇಷ್ಟೆಲ್ಲಾ ಓದಿದ ಮೇಲೆ ನನಗೆ ಕಂಡದ್ದು ಒಂದೇ, ನೆಪ. ನಾನೂ ಏನೂ ಇಲ್ಲದ ಮನೆಯಿಂದಲೇ ಬಂದವನು. ದಿನಾ ಐದಕ್ಕೆ ಏಳುತ್ತೇನೆ, ಓಡುತ್ತೇನೆ. ನನ್ನ ಕೈಲಿ ಆಗುತ್ತೆ ಅಂದರೆ ಅವರ ಕೈಲೂ ಆಗುತ್ತೆ.

ವಾರ್ಡ್ ಸಿಸ್ಟರ್:

ಐದಕ್ಕೆ ಏಳುವವರಿಗೆ: ಒಳ್ಳೇದು, ಬಿಡಬೇಡಿ. ಆದರೆ ಮೂರನೇ ಮಹಡಿಯವರ ತಮ್ಮ ಆ ಹೊತ್ತಿಗೆ ಇನ್ನೂ ಡ್ಯೂಟಿಯಲ್ಲೇ ಇರುತ್ತಾರೆ.

ನಾನು ಇಪ್ಪತ್ತೆರಡು ವರ್ಷದಿಂದ ನರ್ಸ್. ಅಧ್ಯಯನ ನನಗೆ ಗೊತ್ತಾಗುವುದಿಲ್ಲ, ಕೇಸ್ ಶೀಟ್ ಗೊತ್ತು. ಅದರಲ್ಲಿ ನಾವು ತುಂಬಾ ಸಲೀಸಾಗಿ ಬರೆಯುವ ಒಂದು ಸಾಲಿದೆ, "ರೋಗಿ ಸೂಚನೆ ಪಾಲಿಸುತ್ತಿಲ್ಲ". ನಾನೂ ನೂರಾರು ಸಲ ಬರೆದಿದ್ದೇನೆ. ಒಮ್ಮೆ ಒಬ್ಬ ಅಮ್ಮ, ಶುಗರ್ ಪೇಶೆಂಟ್, ಇನ್ಸುಲಿನ್ ಸರಿಯಾಗಿ ತೆಗೆದುಕೊಂಡರೂ ಸಕ್ಕರೆ ಇಳಿಯುತ್ತಲೇ ಇರಲಿಲ್ಲ. ಮೂರು ಸಲ ಡೋಸ್ ಏರಿಸಿದ್ದಾಯಿತು. ನಾಲ್ಕನೇ ಸಲ ನಾನು ಸುಮ್ನೆ ಮಾತಿಗೆ ಅಂತ, ಔಷಧಿ ಮನೆಯಲ್ಲಿ ಎಲ್ಲಿ ಇಡ್ತೀರಮ್ಮ ಅಂದೆ. ಕಿಟಕಿ ಮೇಲೆ ಅಂದರು. ಫ್ರಿಜ್ ಇಲ್ಲ, ತಗಡಿನ ಮನೆ, ಮಧ್ಯಾಹ್ನದ ಬಿಸಿಲು ನೇರ ಅಲ್ಲೇ. ಬಿಸಿಗೆ ಇನ್ಸುಲಿನ್ ಕೆಡುತ್ತೆ. ಪಾಪ, ಆಕೆ ಒಂದು ಸೂಜಿಯನ್ನೂ ತಪ್ಪಿಸಿರಲಿಲ್ಲ, ಕೆಟ್ಟ ಔಷಧಿಯನ್ನು ಶ್ರದ್ಧೆಯಿಂದ ಚುಚ್ಚಿಕೊಳ್ಳುತ್ತಿದ್ದರು. ಮತ್ತೆ ನಾವು ಬರೆದದ್ದು ಏನು? ಪಾಲಿಸುತ್ತಿಲ್ಲ.

ಬಿಪಿ ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುವವರಿದ್ದಾರೆ, ತಿಂಗಳಿಡೀ ಬರಲಿ ಅಂತ. ಮಾತ್ರೆ ಪುಕ್ಕಟೆ ಇದ್ದರೂ ಅದನ್ನು ತರಲು ಒಂದು ದಿನದ ಕೂಲಿ ಹೋಗುತ್ತೆ, ಬಸ್ಸಿನ ಖರ್ಚು ಬೇರೆ, ಅರ್ಧ ದಿನ ಸಾಲಲ್ಲಿ ನಿಲ್ಲಬೇಕು. ನೋವು ಕೊಡದ ಕಾಯಿಲೆಗೆ ಯಾರು ಕೂಲಿ ಬಿಟ್ಟು ಬರುತ್ತಾರೆ? ಬಿಪಿ ನೋಯುವುದಿಲ್ಲ. ಪಾರ್ಶ್ವವಾಯು ಹೊಡೆದ ದಿನ ಬರುತ್ತಾರೆ.

ವೇಲ್ಸ್‌ನ ಗಣಿ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರು 1971ರಲ್ಲಿ ಇದಕ್ಕೆ ಒಂದು ನಿಯಮ ಅಂತಲೇ ಹೆಸರಿಟ್ಟರು. ಒಳ್ಳೇ ಚಿಕಿತ್ಸೆ ಎಲ್ಲಿ ತುಂಬಾ ಬೇಕೋ ಅಲ್ಲೇ ಅದು ಕಡಿಮೆ ಸಿಗುತ್ತೆ ಅಂತ. ನಮ್ಮ ಮೇಡಂ ಒಬ್ಬರು ತರಗತಿಯಲ್ಲಿ ಹೇಳಿದ್ದರು, ಆಗ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಆ ಕಿಟಕಿಯ ಮಾತು ಕೇಳಿದ ದಿನ.

ಲೆಕ್ಕದ ಮೇಷ್ಟ್ರು:

ಚೆರೋಕಿ ಲೆಕ್ಕ ಒಪ್ಪಿದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಅನುಮಾನ ಉಳಿದಿದೆ. ಕೈಯಲ್ಲಿ ಇಲ್ಲದಿರುವುದು ಮೈ ಕೆಡಿಸುತ್ತೆ ಅನ್ನುವುದು ಒಂದು ಮಾತು. ಪಕ್ಕದವನ ಹತ್ತಿರ ಜಾಸ್ತಿ ಇರುವುದೇ ನನ್ನ ಮೈ ಕೆಡಿಸುತ್ತೆ ಅನ್ನುವುದು ಬೇರೆ ಮಾತು. ಎರಡನೆಯದು ಇನ್ನೂ ತಜ್ಞರೇ ಜಗಳ ಆಡುತ್ತಿರುವ ವಿಷಯ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ ಅಂತ ಅಷ್ಟೇ. ಮತ್ತೆ, ಕೆಲಸದ ಮೇಲೆ ಹಿಡಿತ ಇಲ್ಲ ಅಂದ ಮಾತ್ರಕ್ಕೆ ರಕ್ತನಾಳ ಹೇಗೆ ಕೆಡುತ್ತೆ? ಮನಸ್ಸಿನ ಬೇಸರ ಹೃದಯಕ್ಕೆ ಯಾವ ದಾರಿಯಲ್ಲಿ ಹೋಗುತ್ತೆ?

ಸಾಂಕ್ರಾಮಿಕ ನಗು:

ಮೊದಲನೆಯದು ಸರಿ, ಬೇರೆ ಬೇರೆಯೇ.

ದಾರಿ ಹೀಗೆ. ಅಪಾಯ ಕಂಡಾಗ ಮೈ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಬಿಡುತ್ತೆ. ಎದೆಬಡಿತ ಏರುತ್ತೆ, ಬಿಪಿ ಏರುತ್ತೆ, ಓಡಲು ಬೇಕಾಗುತ್ತೆ ಅಂತ ಪಿತ್ತಜನಕಾಂಗ ರಕ್ತಕ್ಕೆ ಸಕ್ಕರೆ ಸುರಿಯುತ್ತೆ. ಅಪಾಯ ಮುಗಿಯಿತು, ಎಲ್ಲಾ ಇಳಿಯಿತು, ತೊಂದರೆ ಇಲ್ಲ. ಆದರೆ ಬಾಡಿಗೆ ಕಟ್ಟಬೇಕಾದ ತಾರೀಖು, ನಾಳೆ ಕೆಲಸ ಇರುತ್ತೋ ಇಲ್ಲವೋ ಅನ್ನುವುದು, ಮೇಲಿನವನ ಬೈಗುಳ, ಇವು ಓಡಿ ತಪ್ಪಿಸಿಕೊಳ್ಳುವ ಅಪಾಯಗಳಲ್ಲ, ದಿನಾ ಬರುತ್ತವೆ. ಆಗ ಎಂಜಿನ್ ಆಫ್ ಆಗುವುದೇ ಇಲ್ಲ. ಗಾಡಿ ನಿಂತಲ್ಲೇ ನಿಂತಿದೆ, ಎಂಜಿನ್ ಮಾತ್ರ ಹಗಲೂ ರಾತ್ರಿ ಓಡುತ್ತಿದೆ ಅಂದುಕೊಳ್ಳಿ. ವರ್ಷಗಟ್ಟಲೆ ಹಾಗೇ ಇದ್ದರೆ ರಕ್ತನಾಳದ ಒಳಗೋಡೆ ಸವೆಯುತ್ತೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತೆ, ಇನ್ಸುಲಿನ್ ಮಾತನ್ನು ಮೈ ಕೇಳುವುದಿಲ್ಲ. ಬ್ರೂಸ್ ಮಕ್‌ಎವನ್ ಅನ್ನುವ ವಿಜ್ಞಾನಿ 1993ರಲ್ಲಿ ಈ ಸವೆತಕ್ಕೆ ಒಂದು ಹೆಸರು ಕೊಟ್ಟರು, ಅಲೋಸ್ಟ್ಯಾಟಿಕ್ ಲೋಡ್ ಅಂತ. ಮೈ ಹೊತ್ತ ಹೊರೆ ಅಂದುಕೊಳ್ಳಿ.

ಅದರ ಮೇಲೆ ಪಾಳಿ. ಮೈಗೆ ತನ್ನದೇ ಗಡಿಯಾರ ಇದೆ. ರಾತ್ರಿ ಎರಡಕ್ಕೆ ಉಂಡದ್ದನ್ನು ಹಗಲು ಉಂಡ ಹಾಗೆ ಅದು ಸಂಭಾಳಿಸುವುದಿಲ್ಲ, ಸಕ್ಕರೆ ಜಾಸ್ತಿ ಹೊತ್ತು ಮೇಲೇ ಇರುತ್ತೆ. ಅದರಲ್ಲೂ ವಾರ ವಾರ ಪಾಳಿ ಬದಲಾದರೆ ಗಡಿಯಾರ ಯಾವ ಕಡೆ ಹೊಂದಿಕೊಳ್ಳಬೇಕು ಅಂತಲೇ ಗೊತ್ತಾಗದೆ ಒದ್ದಾಡುತ್ತೆ.

ಮೂರನೇ ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲಾ ಓದಿ ಮೊದಲು ಮಾಡಿದ ಕೆಲಸ, ಅವನಿಗೆ ಫೋನ್ ಮಾಡಿ ಬೈದಿದ್ದಕ್ಕೆ ಸಾರಿ ಅಂದೆ. ಅವನಿಗೆ ಅದು ನೆನಪೇ ಇರಲಿಲ್ಲ.

ಸಿಸ್ಟರ್, ನಿಮಗೆ ಒಂದು ಪ್ರಶ್ನೆ. ಅವನು ಕೆಲಸ ಬಿಡಲು ಆಗುವುದಿಲ್ಲ, ಎರಡು ಮಕ್ಕಳಿದ್ದಾರೆ. ಪ್ರಪಂಚ ಸರಿಹೋಗುವವರೆಗೂ ಕಾಯಲು ಅವನ ಬಿಪಿಗೆ ಪುರುಸೊತ್ತಿಲ್ಲ. ಈಗ ಇರುವುದರಲ್ಲೇ ಏನು ಮಾಡಬಹುದು?

ವಾರ್ಡ್ ಸಿಸ್ಟರ್:

ಮುಂದಿನ ಸಲ ಡಾಕ್ಟರ ಹತ್ತಿರ ನೀವೂ ಜೊತೆಗೆ ಹೋಗಿ, ಕೂತ ತಕ್ಷಣ ಪಾಳಿಯ ವಿಷಯ ಮೊದಲು ಹೇಳಿ. ಎಷ್ಟೋ ಜನ ಹೇಳುವುದೇ ಇಲ್ಲ, ನಾವೂ ಕೇಳುವುದಿಲ್ಲ. ದಿನಕ್ಕೆ ಮೂರು ಸಲದ ಮಾತ್ರೆ ಇದ್ದರೆ, ಒಂದೇ ಸಲ ನುಂಗುವ ಮಾತ್ರೆಗೆ ಬದಲಿಸಲು ಆಗುತ್ತಾ ಅಂತ ಕೇಳಿ. ಎರಡು ಔಷಧಿ ಸೇರಿಸಿದ ಒಂದೇ ಮಾತ್ರೆ ಕೂಡ ಸಿಗುತ್ತೆ. ರಾತ್ರಿ ಪಾಳಿ ಇದ್ದ ವಾರ ಮಾತ್ರೆ ಯಾವ ಹೊತ್ತಿಗೆ ಅಂತ ಬರೆಸಿಕೊಳ್ಳಿ, ಅಲ್ಲೇ ಎಲ್ಲರೂ ಎಡವುವುದು. ಒಂದು ತಿಂಗಳ ಬದಲು ಎರಡು ಮೂರು ತಿಂಗಳಿಗೆ ಬರೆದುಕೊಟ್ಟರೆ ಒಂದೆರಡು ದಿನದ ಸಂಬಳ ಉಳಿಯುತ್ತೆ, ನಾಚಿಕೆ ಪಡದೆ ಕೇಳಿ. ರಾತ್ರಿ ಪಾಳಿಯಲ್ಲಿ ನಡುರಾತ್ರಿಯ ದೊಡ್ಡ ಊಟ ಬಿಟ್ಟು, ಹೋಗುವ ಮುಂಚೆಯೇ ಹೊಟ್ಟೆ ತುಂಬಾ ಉಂಡು ಹೋಗಲಿ. ಆದರೆ ಶುಗರ್ ಮಾತ್ರೆ ಇದ್ದರೆ ಊಟದ ಹೊತ್ತನ್ನು ಡಾಕ್ಟರನ್ನು ಕೇಳದೆ ಬದಲಿಸಬಾರದು, ಸಕ್ಕರೆ ತೀರಾ ಕೆಳಗೆ ಬಿದ್ದರೆ ಅಪಾಯ. ಹಗಲು ಮಲಗುವಾಗ ಕೋಣೆ ಕತ್ತಲು ಮಾಡಿ, ದಪ್ಪ ಬಟ್ಟೆ ಕಟ್ಟಿದರೂ ಸಾಕು, ಮಕ್ಕಳಿಗೂ ಹೇಳಿಡಿ.

ನಡಿಗೆಯ ಮಾತಿಗೆ ಬಂದರೆ, ಗೋದಾಮಿನಲ್ಲಿ ದಿನಾ ಎಷ್ಟು ನಡೆಯುತ್ತಾರೋ, ಹೊರುತ್ತಾರೋ, ಅದನ್ನೂ ಡಾಕ್ಟರಿಗೆ ಹೇಳಿ. ಅವರ ತಲೆಯಲ್ಲಿ ಇರುವುದು ಕುರ್ಚಿಯ ಮೇಲೆ ಕೂತ ರೋಗಿ.

ಇನ್ನೊಂದು, ಅವರ ಪಾಳಿ ಯಾವ ದಿಕ್ಕಿಗೆ ತಿರುಗುತ್ತೆ? ಹಗಲು, ಆಮೇಲೆ ಸಂಜೆ, ಆಮೇಲೆ ರಾತ್ರಿ, ಹೀಗೆ ಮುಂದಕ್ಕೆ ಹೋದರೆ ಮೈ ಸ್ವಲ್ಪ ಸುಲಭವಾಗಿ ಹೊಂದಿಕೊಳ್ಳುತ್ತೆ. ಉಲ್ಟಾ ಆದರೆ ಕಷ್ಟ. ನಮ್ಮ ವಾರ್ಡಿನಲ್ಲಿ ಇದನ್ನು ನಾವೇ ಕೂತು, ಜಗಳ ಆಡಿ ಬದಲಿಸಿಕೊಂಡೆವು. ಒಬ್ಬರೇ ಕೇಳಿದ್ದರೆ ಆಗುತ್ತಿರಲಿಲ್ಲ, ಹದಿನಾಲ್ಕು ಜನ ಸಹಿ ಹಾಕಿದ್ದೆವು.

ಮೂರನೇ ಮಹಡಿ:

ಕೇಳಿದೆ. ಹಗಲಿಂದ ನೇರ ರಾತ್ರಿಗೆ, ಒಂದು ದಿನವೂ ಬಿಡುವು ಇಲ್ಲವಂತೆ. ಅವನ ಜೊತೆ ಪಾಳಿ ಮಾಡುವವರು ಒಂಬತ್ತು ಜನ, ಅದರಲ್ಲಿ ನಾಲ್ವರಿಗೆ ಬಿಪಿ ಇದೆಯಂತೆ. ಇದುವರೆಗೂ ಅವರು ಒಬ್ಬರಿಗೊಬ್ಬರು ಅದನ್ನು ಹೇಳಿಕೊಂಡೇ ಇರಲಿಲ್ಲ. ಭಾನುವಾರ ಮಾತಾಡ್ತೀನಿ ಅಂದಿದ್ದಾನೆ.